ವರ್ಷಕ್ಕೆ ಎಷ್ಟು ಚದರ ಅಡಿ?

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಕರಾವಳಿಯ ಊರುಗಳಲ್ಲಿ ಎರಡು ಬಗೆಯ ಅವಸರ ಕಾಣಿಸಿಕೊಳ್ಳುತ್ತದೆ. ಮಳೆ ಹಿಡಿಯುವ ಮೊದಲು ಅಂಗಳದ ಕೆಲಸ ಮುಗಿಸಬೇಕೆಂಬುದು ಒಂದು. ಆರ್ಥಿಕ ವರ್ಷ ತೀರುವ ಮೊದಲು ಲೆಕ್ಕ ಮುಗಿಸಬೇಕೆಂಬುದು ಇನ್ನೊಂದು. ಈ ಎರಡರ ನಡುವೆ ಸಿಕ್ಕಿಕೊಳ್ಳುವವರಲ್ಲಿ ಕಾಂಕ್ರೀಟು ನೆಲ ಹಾಕುವ ಸಣ್ಣ ಗುತ್ತಿಗೆದಾರರು ಮೊದಲಿಗರು. ನಮ್ಮ ಅನೇಕ ಕುಟುಂಬಗಳ ಜೀವನೋಪಾಯ ಈ ಕಸುಬನ್ನೇ ನೆಚ್ಚಿಕೊಂಡಿದೆ. ಆದುದರಿಂದ ಅವರ ವರ್ಷದ ಲೆಕ್ಕದ ಬಗ್ಗೆ ಕೆಲವು ಮಾತು ಇಲ್ಲಿ ಅಪ್ರಸ್ತುತವಾಗಲಾರದು.

ಗೋಡೆ, ಕಂಬ, ತಾರಸಿಗಳಂತೆ ಎದ್ದು ನಿಲ್ಲದೆ ನೆಲದ ಮೇಲೆ ಹಾಸಿದಂತೆ ಮಲಗುವ ಕಾಂಕ್ರೀಟು ಇವರ ಕೆಲಸ. ಮನೆಯ ಅಂಗಳ, ಗೋದಾಮಿನ ನೆಲ, ಶಾಲೆಯ ಕಾಲುದಾರಿ, ಚರ್ಚಿನ ಮುಂದಣ ಆವರಣ, ಪಂಚಾಯತಿನ ಒಳರಸ್ತೆ, ಅಡಿಕೆ ಒಣಗಿಸುವ ಅಂಗಳ, ಘಟ್ಟದ ಮೇಲಿನ ಕಾಫಿ ಕಣ, ಇವೆಲ್ಲ ಅದರಲ್ಲಿ ಸೇರುತ್ತವೆ. ಒಂದೆರಡು ತಲೆಮಾರಿನ ಹಿಂದೆ ಮನೆಯವರೇ ಮಳೆಗಾಲ ಕಳೆದ ಮೇಲೆ ಅಂಗಳವನ್ನು ಕೆತ್ತಿ, ಮಣ್ಣು ಬಡಿದು, ಸಗಣಿ ಸಾರಿಸಿ ಸಿದ್ಧಪಡಿಸುತ್ತಿದ್ದರು. ಆಗ ಅಂಗಳವೆಂದರೆ ಅಂಗಳ. ಅದನ್ನು ಅಳೆಯುವವರು ಇರಲಿಲ್ಲ. ಕಾಂಕ್ರೀಟು ಬಂದ ಮೇಲೆ ಅಂಗಳಕ್ಕೆ ಬೆಲೆ ಬಂತು, ಬೆಲೆಯ ಹಿಂದೆಯೇ ಅಳತೆಯೂ ಬಂತು.

ಅಂಥ ಗುತ್ತಿಗೆದಾರರೊಬ್ಬರ ಮನೆಯ ಜಗಲಿಯಲ್ಲಿ ಒಂದು ಮಾರ್ಚ್ ತಿಂಗಳ ಸಂಜೆ ಕುಳಿತಿದ್ದೆ. ಅವರ ಮುಖ ಬಾಡಿತ್ತು. "ಕೆಲಸ ಇಳಿದಿದೆ ಫಾದರ್. ಹೋದ ವರ್ಷ ನಲವತ್ತು ಸಾವಿರ ಚದರ ಅಡಿ ಹಾಕಿದ್ದೆ. ಈ ವರ್ಷ ಮೂವತ್ತೆರಡು ದಾಟಲಿಲ್ಲ. ರೇಟು ಇಳಿಸದಿದ್ದರೆ ಮುಂದಿನ ವರ್ಷ ಆಳುಗಳನ್ನು ಬಿಡಬೇಕಾದೀತು" ಎಂದರು. ಇಪ್ಪತ್ತು ವರ್ಷಗಳಿಂದ ಅವರು ವರ್ಷಕ್ಕೊಂದು ಸಂಖ್ಯೆಯನ್ನು ಪುಟ್ಟ ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಡುತ್ತ ಬಂದಿದ್ದರು. ಸಂಖ್ಯೆ ಏರಿದರೆ ಸಂತೋಷ, ಇಳಿದರೆ ಚಿಂತೆ.

ಡಿಪ್ಲೊಮಾ ಮುಗಿಸಿ ಮನೆಗೆ ಬಂದಿದ್ದ ಅವರ ಮಗ ಪಕ್ಕದಲ್ಲಿಯೇ ಇದ್ದ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಪಪ್ಪಾ, ಎಷ್ಟು ದಪ್ಪ?"

ಅಗಲವಿದೆ, ದಪ್ಪವೆಲ್ಲಿ?

ಪ್ರಶ್ನೆ ಸಣ್ಣದಾದರೂ ಉತ್ತರ ಸಣ್ಣದಾಗಿರಲಿಲ್ಲ. ಹಿಂದಿನ ವರ್ಷದ 40,000 ಚದರ ಅಡಿಯೆಲ್ಲ ಮನೆಯಂಗಳಗಳು, 4 ಅಂಗುಲ ದಪ್ಪದವು. ಲೆಕ್ಕ ಹಾಕಿದರೆ ಸುಮಾರು 13,333 ಘನ ಅಡಿ, ಅಂದರೆ 378 ಘನ ಮೀಟರು ಕಾಂಕ್ರೀಟು. ಈ ವರ್ಷದ 32,000 ಚದರ ಅಡಿಯಲ್ಲಿ 12,000 ಮಾತ್ರ ಮನೆಯಂಗಳ. ಉಳಿದ 20,000 ಚದರ ಅಡಿ ಲಾರಿ ನಿಲ್ಲುವ ಗೋದಾಮಿನ ಆವರಣ, 6 ಅಂಗುಲ ದಪ್ಪ. ಮೊದಲನೆಯದು 4,000 ಘನ ಅಡಿ, ಎರಡನೆಯದು 10,000 ಘನ ಅಡಿ. ಒಟ್ಟು 14,000 ಘನ ಅಡಿ, ಎಂದರೆ 396 ಘನ ಮೀಟರು.

ಮೇಲ್ಮೈಯಲ್ಲಿ ನೋಡಿದರೆ ಕೆಲಸ ಶೇಕಡಾ 20ರಷ್ಟು ಇಳಿದಿತ್ತು. ಗಾತ್ರದಲ್ಲಿ ನೋಡಿದರೆ ಶೇಕಡಾ 5ರಷ್ಟು ಏರಿತ್ತು. ಜಲ್ಲಿ ಹೊತ್ತ ತಲೆಗಳು, ಮಿಕ್ಸರಿಗೆ ಸುರಿದ ಚೀಲಗಳು, ಹಲಗೆ ಎಳೆದ ಕೈಗಳು, ಯಾವುವೂ ಕಡಿಮೆಯಾಗಿರಲಿಲ್ಲ. ಹಾಗಾದರೆ ಕೈಯಲ್ಲಿ ಹಣ ಏಕೆ ಉಳಿಯಲಿಲ್ಲ? ಮಗ ಹಳೆಯ ಬಿಲ್ಲುಗಳನ್ನು ತಿರುವಿ ನೋಡಿದ. ತಂದೆ ಗೋದಾಮಿನ ಕೆಲಸದಲ್ಲಿ ಸಾಮಗ್ರಿಯ ಬೆಲೆಯನ್ನೇನೋ ಹೆಚ್ಚಿಸಿದ್ದರು. ಆದರೆ ಕೂಲಿಯ ಬಾಬ್ತನ್ನು ಮನೆಯಂಗಳದ ದರದಲ್ಲಿಯೇ, ಚದರ ಅಡಿಗೆ ಇಷ್ಟೆಂದು ಹಿಡಿದಿದ್ದರು. ಒಂದೂವರೆ ಪಾಲು ಕಾಂಕ್ರೀಟು ಹೊರುವ, ಸುರಿಯುವ, ಕುಟ್ಟುವ ಶ್ರಮಕ್ಕೆ ಒಂದು ಪಾಲಿನ ಕೂಲಿ ಹಿಡಿದರೆ ಉಳಿಯುವುದೇನು? ದೋಷ ದರ ಹೆಚ್ಚಾದುದರಲ್ಲಿರಲಿಲ್ಲ, ಕಡಿಮೆಯಾದುದರಲ್ಲಿತ್ತು. ಇಪ್ಪತ್ತು ವರ್ಷಗಳ ಸಂಖ್ಯೆಯನ್ನು ನಂಬಿ ಅವರು ಮುಂದಿನ ವರ್ಷ ಅದನ್ನು ಇನ್ನೂ ಇಳಿಸಲು ಹೊರಟಿದ್ದರು.

ಪರಿಮಾಣ ಮತ್ತು ಗುಣ ಎರಡು ಬೇರೆ ಬೇರೆ ವರ್ಗಗಳೆಂದು ಅರಿಸ್ಟಾಟಲ್ ಬಹು ಹಿಂದೆಯೇ ವಿಂಗಡಿಸಿದ್ದಾನೆ. ಆದರೆ ಪರಿಮಾಣವೇ ಹಲವು ಬಗೆಯದೆಂಬುದನ್ನು ನಾವು ಮರೆಯುತ್ತೇವೆ. ಉದ್ದ, ಅಗಲಗಳು ಕಣ್ಣಿಗೆ ಕಾಣುತ್ತವೆ. ದಪ್ಪ ಕಾಣುವುದಿಲ್ಲ, ಕಾಂಕ್ರೀಟು ಹಾಕಿದ ಮರುದಿನ ಅದು ಮಣ್ಣಿನೊಳಗೆ ಅಡಗಿಬಿಡುತ್ತದೆ. ಕಾಣದಿರುವುದನ್ನು ಬರೆದಿಡದೆ ಹೋದರೆ ಅದು ಇಲ್ಲವೆಂದೇ ಆಗುತ್ತದೆ.

ಚೀಟಿಗಳು ಹೇಳುವ ಸತ್ಯ

ನಮ್ಮ ದೇಶ 1956ರ ಅಳತೆ-ತೂಕಗಳ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ತಿರುಗಿತು. ಆದರೂ ಕಟ್ಟಡದ ಜಾಗದಲ್ಲಿ ಇಂದಿಗೂ ಅಡಿ-ಅಂಗುಲಗಳದೇ ರಾಜ್ಯಭಾರ. ಅಂಗಳವನ್ನು ಚದರ ಅಡಿಯಲ್ಲಿ ಅಳೆಯುತ್ತಾರೆ. ಜಲ್ಲಿ, ಮರಳು 100 ಘನ ಅಡಿಯ ಯುನಿಟ್ಟಿನಲ್ಲಿ ಬರುತ್ತವೆ. ಸಿಮೆಂಟು 50 ಕಿಲೋ ಚೀಲದಲ್ಲಿ, ಕಾರ್ಖಾನೆಯಿಂದ ಲಾರಿಯಲ್ಲಿ ಬರುವ ಸಿದ್ಧ ಕಾಂಕ್ರೀಟು ಘನ ಮೀಟರಿನಲ್ಲಿ. ಹೀಗೆ ನಾಲ್ಕು ಭಾಷೆಗಳಲ್ಲಿ ಬರೆದ ಲೆಕ್ಕವನ್ನು ವರ್ಷದ ಕೊನೆಗೆ ಕೂಡಿಸಲು ಕುಳಿತರೆ ತಲೆ ಕೆಡುವುದು ಸಹಜ. ಪ್ರತಿಯೊಂದು ಕೆಲಸ ಮುಗಿದ ದಿನವೇ ಎಲ್ಲವನ್ನೂ ಒಂದು ಭಾಷೆಗೆ ತಂದಿಡುವುದೇ ಇದಕ್ಕೆ ಪರಿಹಾರ.

ಇದರಿಂದ ಇನ್ನೊಂದು ಪ್ರಯೋಜನವೂ ಇದೆ. 1,000 ಚದರ ಅಡಿಯ ಅಂಗಳವನ್ನು 4 ಅಂಗುಲ ದಪ್ಪಕ್ಕೆ ಹಾಕಲು 9.44 ಘನ ಮೀಟರು ಕಾಂಕ್ರೀಟು ಸಾಕು. ಲಾರಿಯ ಚೀಟಿಗಳನ್ನು ಕೂಡಿಸಿದಾಗ 10.4 ಘನ ಮೀಟರು ಬಂದರೆ, ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಬೇಕು. ಸರಾಸರಿ ದಪ್ಪ 4 ಅಂಗುಲದ ಬದಲು ಸುಮಾರು 4.4 ಅಂಗುಲವಾಗಿರುತ್ತದೆ. ಅಂದರೆ ಕೆಳಗಿನ ಮಣ್ಣನ್ನು ಸಮಮಾಡುವಾಗ ಯಾರೋ ಉದಾಸೀನ ಮಾಡಿದ್ದಾರೆ, ಇಲ್ಲವೆ ಕಾಂಕ್ರೀಟು ಪೋಲಾಗಿದೆ. ಶೇಕಡಾ 10ರಷ್ಟು ಕಾಂಕ್ರೀಟು ಗುಂಡಿಯಲ್ಲಿ ಹೂತುಹೋಗಿದೆ. ಚೀಟಿಗಳ ಮೊತ್ತ 8.5 ಘನ ಮೀಟರು ಎಂದು ಬಂದರೋ? ದಪ್ಪ 3.6 ಅಂಗುಲ. ಈಗ ನಷ್ಟ ಗುತ್ತಿಗೆದಾರರದಲ್ಲ, ಅಂಗಳದ ಯಜಮಾನರದು. ನಾಲ್ಕು ಅಂಗುಲದ ಹಣ ಪಡೆದು ಮೂರೂವರೆ ಅಂಗುಲ ಕೊಟ್ಟಂತಾಯಿತು. ಮೋಸ ಮಾಡುವ ಉದ್ದೇಶವಿಲ್ಲದೆಯೂ ಹೀಗಾಗುವುದುಂಟು. ಲೆಕ್ಕವಿಟ್ಟವರಿಗೆ ಅದು ಆ ವಾರವೇ ತಿಳಿಯುತ್ತದೆ. ಇಡದವರಿಗೆ ಲಾರಿಯ ಚಕ್ರದ ಕೆಳಗೆ ನೆಲ ಬಿರಿದಾಗ ತಿಳಿಯುತ್ತದೆ.

ಜಾಗದಲ್ಲಿಯೇ ಮಿಕ್ಸರಿನಲ್ಲಿ ಕಲಸುವವರಿಗೆ ಚೀಲಗಳೇ ಚೀಟಿ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು ಬೇಕು. ಮೇಲಿನ ಅಂಗಳಕ್ಕೆ 76 ಚೀಲ ಆಗಬೇಕು. ಸಂಜೆ ಖಾಲಿ ಚೀಲಗಳನ್ನು ಎಣಿಸಿ ಬರೆದಿಡುವ ಮೇಸ್ತ್ರಿಗೆ ಬೇರೆ ಪರೀಕ್ಷಕರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕವೆಂಬುದೊಂದಿದೆ. ಅದರ ಪುಟಗಳಿಗೆ ಮೊದಲೇ ಸಂಖ್ಯೆ ಅಚ್ಚಾಗಿರುತ್ತದೆ. ಅಳತೆಯನ್ನು ಕೆಲಸದ ಜಾಗದಲ್ಲಿಯೇ ಬರೆಯಬೇಕು, ಅಳಿಸುವಂತಿಲ್ಲ; ತಪ್ಪಾದರೆ ಗೆರೆ ಎಳೆದು ಸಹಿ ಹಾಕಬೇಕು. ತಪ್ಪು ಮಾಡುವುದು ಮನುಷ್ಯ ಸಹಜ, ಆದರೆ ಅದನ್ನು ಅಳಿಸಿ ಮುಚ್ಚಬಾರದು ಎಂಬುದು ಆ ನಿಯಮದ ಅರ್ಥ. ಖಾಸಗಿ ಗುತ್ತಿಗೆದಾರರು ಒಂದು ನೋಟುಪುಸ್ತಕದಲ್ಲಿ ಇದೇ ಶಿಸ್ತನ್ನು ಪಾಲಿಸಿದರೆ ಖರ್ಚೇನೂ ತಗಲುವುದಿಲ್ಲ.

ಮುಗಿಯದ ಮಾರ್ಚ್

ವರ್ಷದ ಲೆಕ್ಕವೆಂದಾಗ ಯಾವ ವರ್ಷ ಎಂಬ ಪ್ರಶ್ನೆಯೂ ಏಳುತ್ತದೆ. ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರ ತನಕ. ಕರಾವಳಿಯ ಕೆಲಸದ ವರ್ಷ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬಯಲಿನಲ್ಲಿ ನೆಲ ಹಾಕುವ ಕೆಲಸ ಬಹುಮಟ್ಟಿಗೆ ನಿಂತಿರುತ್ತದೆ. ಅಕ್ಟೋಬರ್‌ನಲ್ಲಿ ಆರಂಭವಾದ ಹಂಗಾಮು ಮೇ ತಿಂಗಳಿಗೆ ಮುಗಿಯುತ್ತದೆ. ಹೀಗಾಗಿ ತೆರಿಗೆಯ ವರ್ಷದೊಳಗೆ ಒಂದು ಹಂಗಾಮಿನ ಬಾಲ ಮತ್ತು ಮತ್ತೊಂದರ ತಲೆ ಸೇರಿಕೊಂಡಿರುತ್ತವೆ. ಮೇ ತಿಂಗಳ ಮೊದಲ ವಾರದಲ್ಲಿಯೇ ಮಳೆ ಬಂದು ಕೆಲಸ ಕೆಟ್ಟರೆ ಅದರ ನಷ್ಟ ಮುಂದಿನ ವರ್ಷದ ಪುಸ್ತಕದಲ್ಲಿ ಕಾಣಿಸುತ್ತದೆ. ಆದುದರಿಂದ ತೆರಿಗೆಗೆ ಒಂದು ಮೊತ್ತ, ತನ್ನ ತಿಳಿವಳಿಕೆಗೆ ಜೂನ್‌ನಿಂದ ಮೇ ತನಕ ಇನ್ನೊಂದು ಮೊತ್ತ ಇಟ್ಟುಕೊಳ್ಳುವುದು ವಿವೇಕ. ಒಂದು ಹಂಗಾಮನ್ನು ಇನ್ನೊಂದು ಹಂಗಾಮಿನೊಡನೆ ಹೋಲಿಸಿದರೆ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ.

ಕಾಂಕ್ರೀಟು ತಾನೂ ತೆರಿಗೆಯ ವರ್ಷಕ್ಕೆ ತಲೆಬಾಗುವುದಿಲ್ಲ. ಅದರ ಬಲವನ್ನು ಸಾಮಾನ್ಯವಾಗಿ 28 ದಿನಗಳ ಬಳಿಕ ಪರೀಕ್ಷಿಸಲಾಗುತ್ತದೆ. ಮಾರ್ಚ್ 20ರಂದು ಹಾಕಿದ ನೆಲದ ಫಲಿತಾಂಶ ಏಪ್ರಿಲ್ 17ಕ್ಕೆ ಕೈಸೇರುತ್ತದೆ. ಅಲ್ಲಿಯವರೆಗೆ ಅದಕ್ಕೆ ನೀರುಣಿಸುವ ಹೊಣೆಯೂ ಇದೆ. ಐಎಸ್ 456 ಎಂಬ ಭಾರತೀಯ ಸಂಹಿತೆಯ 2000ದ ಆವೃತ್ತಿಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಉಳಿಸಬೇಕು. ಬಿಸಿಲು ಹೆಚ್ಚಿದ್ದರೆ ಯಾವ ಸಿಮೆಂಟಾದರೂ 10 ದಿನಕ್ಕೆ ಕಡಿಮೆಯಾಗಬಾರದು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಮಿಶ್ರ ಸಿಮೆಂಟೇ. ಮೂರು ದಿನ ನೀರು ಚಿಮುಕಿಸಿ ಗೋಣಿತಟ್ಟನ್ನು ಸುತ್ತಿಕೊಂಡು ಮುಂದಿನ ಅಂಗಳಕ್ಕೆ ಓಡುವವರ ಚದರ ಅಡಿ ವರ್ಷದ ಕೊನೆಗೆ ಹೆಚ್ಚಾಗಿಯೇ ಕಾಣುತ್ತದೆ. ಆದರೆ ಮೇಲ್ಮೈ ಧೂಳೆದ್ದಾಗ, ಬಿರುಕು ಬಿಟ್ಟಾಗ ಹಿಂದಿರುಗಿ ಹೋಗಿ ಒಡೆದು ಹಾಕಿದ ಚದರ ಅಡಿಯನ್ನು ಆ ಮೊತ್ತದಿಂದ ಕಳೆಯುವವರು ಎಷ್ಟು ಮಂದಿ?

ಪುಸ್ತಕದಲ್ಲಿ ಕೂಡುವ ಕಾಲಮ್ಮಿನ ಪಕ್ಕದಲ್ಲಿ ಕಳೆಯುವ ಕಾಲಮ್ಮೂ ಇರಬೇಕು. ಯಾವ ನೆಲ ಬಿರಿಯಿತು, ಏಕೆ ಬಿರಿಯಿತು? ನಾಲ್ಕು ಅಂಗುಲದ ನೆಲದಲ್ಲಿ 8ರಿಂದ 12 ಅಡಿಗೊಂದು ಸಂದು ಕೊಡಬೇಕಿತ್ತು, ಕೊಟ್ಟಿತ್ತೇ? ಸಂದಿನ ಆಳ ದಪ್ಪದ ಕಾಲು ಭಾಗ ಇತ್ತೇ? ನೀರು ನಿಲ್ಲಿಸಿದ್ದು ಎಷ್ಟು ದಿನ? ಇವನ್ನು ಬರೆದಿಟ್ಟವರಿಗೆ ಮೂರು ವರ್ಷಗಳಲ್ಲಿ ತಮ್ಮ ಕೆಲಸದ ದೌರ್ಬಲ್ಯ ಎಲ್ಲಿದೆಯೆಂದು ತಾನಾಗಿಯೇ ಗೋಚರಿಸುತ್ತದೆ.

ಅಮೆರಿಕದ ಓಹಾಯೋ ರಾಜ್ಯದ ಬೆಲ್‌ಫೌಂಟೇನ್ ಎಂಬ ಪಟ್ಟಣದಲ್ಲಿ ಜಾರ್ಜ್ ಬಾರ್ಥಲೊಮ್ಯೂ ಎಂಬಾತ 1891ರಲ್ಲಿ ಆ ದೇಶದ ಮೊದಲ ಕಾಂಕ್ರೀಟು ಬೀದಿಯ ಕೆಲಸ ಆರಂಭಿಸಿದ. ಜನರಿಗೆ ನಂಬಿಕೆಯಿರಲಿಲ್ಲ. ಐದು ವರ್ಷ ಬಾಳುವುದೆಂದು ಆತ 5,000 ಡಾಲರುಗಳ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಆ ಪಟ್ಟಣದ ಹಳೆಯ ಕಾಂಕ್ರೀಟು ಬೀದಿಯ ಭಾಗ ಇಂದಿಗೂ ಉಳಿದಿದೆ. ಆ ವರ್ಷ ಆತ ಹಾಕಿದ್ದು ಬಹಳ ಸ್ವಲ್ಪ, ಎಂಟು ಅಡಿ ಅಗಲದ ಒಂದು ಪಟ್ಟಿ ಮಾತ್ರ. ವರ್ಷದ ಮೊತ್ತದಿಂದ ಅಳೆದರೆ ಆತ ಲೆಕ್ಕಕ್ಕೇ ಬಾರದ ಗುತ್ತಿಗೆದಾರ.

"ಎಂಟು ಆಳು"

ಆ ಸಂಜೆಯ ಜಗಲಿಗೆ ಹಿಂದಿರುಗೋಣ. ತಂದೆ ಮಗ ಲೆಕ್ಕದಲ್ಲಿ ಮುಳುಗಿದ್ದಾಗ ಅಂಗಳದ ತುದಿಯಲ್ಲಿ ಒಬ್ಬ ಮಹಿಳೆ ಬಂದು ನಿಂತರು. ಬಯಲುಸೀಮೆಯಿಂದ ದುಡಿಯಲು ಬಂದವರು. ಎರಡು ಹಂಗಾಮುಗಳಿಂದ ಇವರ ಬಳಿ ಜಲ್ಲಿ ಹೊರುತ್ತಿದ್ದವರು. ಕೈಯಲ್ಲಿ ಮಡಿಸಿದ ಒಂದು ಕಾಗದವಿತ್ತು. "ಸಾವ್ಕಾರ್ರ, ನಾ ಎಷ್ಟು ದಿನ ಕೆಲಸಕ್ಕ ಬಂದೀನಿ ಅಂತ ಬರದು ಸಹಿ ಹಾಕಿ ಕೊಡ್ರಿ. ಕಾರ್ಡಿಗೆ ಕೇಳಾಕತ್ತಾರ" ಎಂದರು.

ಕಟ್ಟಡ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕಾದರೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನ ಈ ಕೆಲಸ ಮಾಡಿರಬೇಕು. 1996ರ ಕಾಯಿದೆ ತಂದ ಈ ನಿಯಮವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ನೋಂದಾಯಿತರಾದವರಿಗೆ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವು, ವೈದ್ಯಕೀಯ ಸಹಾಯ, ಅಪಘಾತವಾದರೆ ಪರಿಹಾರ, ಮುಪ್ಪಿನಲ್ಲಿ ಪಿಂಚಣಿ ಇತ್ಯಾದಿ ಸೌಲಭ್ಯಗಳಿವೆ. ಇದಕ್ಕೆ ಬೇಕಾದ ಹಣ ಕಟ್ಟಡಗಳ ವೆಚ್ಚದ ಮೇಲೆ ವಿಧಿಸುವ ಸೆಸ್ಸಿನಿಂದ ಬರುತ್ತದೆ. ದುಡಿದ ದಿನಗಳಿಗೆ ಆಧಾರ ಬೇಕು, ಆಧಾರ ಕೊಡಬೇಕಾದವರು ದುಡಿಸಿದವರು.

ಗುತ್ತಿಗೆದಾರರು ಡೈರಿ ತೆರೆದರು. ಪುಟ ಪುಟವನ್ನೂ ತಿರುವಿದರು. ಪ್ರತಿ ಪುಟದಲ್ಲಿಯೂ ದಿನಾಂಕವಿತ್ತು, ಚದರ ಅಡಿಯಿತ್ತು, ಕೊಟ್ಟ ಹಣವಿತ್ತು. ಆಳುಗಳ ಜಾಗದಲ್ಲಿ ಮಾತ್ರ "8 ಆಳು", "10 ಆಳು", "6 ಆಳು" ಎಂದಿತ್ತು. ಒಂದು ಹೆಸರೂ ಇರಲಿಲ್ಲ.

ಅವರು ಕೆಟ್ಟ ಮನುಷ್ಯರಲ್ಲ. ಕೂಲಿ ಬಾಕಿ ಉಳಿಸಿದವರಲ್ಲ. ಬೇಕಾದ ಸಂಖ್ಯೆಯನ್ನು ಬರೆದು ಸಹಿ ಹಾಕಿಬಿಡುವುದು ಆ ಕ್ಷಣದಲ್ಲಿ ಬಹು ಸುಲಭವಾಗಿತ್ತು. ಹಾಗೆ ಮಾಡುವವರೂ ಇದ್ದಾರೆ. ಆದರೆ ತನಗೆ ತಿಳಿಯದುದನ್ನು ತಿಳಿದಂತೆ ಬರೆಯಲು ಅವರ ಮನಸ್ಸು ಒಪ್ಪಲಿಲ್ಲ. ಮೇಸ್ತ್ರಿಯನ್ನು ಕರೆಸಿದರು. ಲಾರಿಯ ಚೀಟಿಗಳ ದಿನಾಂಕಗಳನ್ನು ಮುಂದಿಟ್ಟುಕೊಂಡು ಆಕೆ ಯಾವ ಅಂಗಳದಲ್ಲಿ ಇದ್ದರು, ಯಾವಾಗ ಊರಿಗೆ ಹೋಗಿದ್ದರು ಎಂದು ಮೂವರೂ ಕೂಡಿ ನೆನಪಿಸಿಕೊಂಡರು. ಕತ್ತಲಾಗುವ ಹೊತ್ತಿಗೆ ಮೇಸ್ತ್ರಿ, ಚೀಟಿ, ಆಕೆಯ ನೆನಪು ಮೂರೂ ಒಪ್ಪಿದ ದಿನಗಳು 90ನ್ನು ಮುಟ್ಟಲಿಲ್ಲ. ಆಕೆ ದುಡಿದದ್ದು ಅದಕ್ಕಿಂತ ಹೆಚ್ಚು ಎಂಬುದರಲ್ಲಿ ಅಲ್ಲಿದ್ದ ಯಾರಿಗೂ ಸಂಶಯವಿರಲಿಲ್ಲ. ಆದರೆ ಸಂಶಯವಿಲ್ಲದಿರುವುದು ಬೇರೆ, ಬರೆದಿರುವುದು ಬೇರೆ. ಆಕೆ ಅಷ್ಟನ್ನೇ ಬರೆಸಿಕೊಂಡು, "ಇರಲಿ ಬಿಡ್ರಿ, ಬರೋ ವರ್ಷ ನೋಡೂಣು" ಎಂದು ಹೋದರು. ಆಕೆಯ ಮಗ ಆ ವರ್ಷ ಹೈಸ್ಕೂಲಿಗೆ ಸೇರುವವನಿದ್ದ.

ಅವರು ಹೋದ ಮೇಲೆ ಬಹಳ ಹೊತ್ತು ಜಗಲಿಯಲ್ಲಿ ಮಾತಿರಲಿಲ್ಲ. ಕೊನೆಗೆ ಆ ಹಿರಿಯರು, "ಅಂಗಳದ ಮೂಲೆ ಮೂಲೆ ಅಳೆದಿದ್ದೇನೆ ಫಾದರ್. ಹೊತ್ತವರ ಹೆಸರು ಬರೆಯಲು ತೋಚಲಿಲ್ಲ" ಎಂದರು.

ಹೊಸ ಪುಸ್ತಕ

ಮರುವರ್ಷ ಅದೇ ಮನೆಗೆ ಹೋದಾಗ ಮೇಜಿನ ಮೇಲೆ ಉದ್ದನೆಯ ಒಂದು ರಿಜಿಸ್ಟರು ಇತ್ತು. ಒಂದು ಕೆಲಸಕ್ಕೆ ಒಂದು ಪುಟ. ಉದ್ದ, ಅಗಲ, ದಪ್ಪ, ಘನ ಮೀಟರು, ಬಂದ ಲಾರಿ ಅಥವಾ ಚೀಲ, ಅದರಿಂದ ಭಾಗಿಸಿ ಬಂದ ನಿಜವಾದ ದಪ್ಪ, ಸಂದು ಕತ್ತರಿಸಿದ ದಿನ, ನೀರುಣಿಸಿದ ದಿನಗಳು, ಹಿಂದಿರುಗಿ ಹೋಗಿ ಸರಿಪಡಿಸಿದ್ದು. ಕೊನೆಗೆ ಹಾಜರಿ, ಹೆಸರು ಹೆಸರಾಗಿ, ಪಕ್ಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು. ತಿಂಗಳ ಕೊನೆಗೆ ಪ್ರತಿಯೊಬ್ಬ ಕೆಲಸಗಾರರಿಗೂ ಅವರ ದಿನಗಳ ಚೀಟಿ.

ಹಾಜರಿ ಬರೆಯಲಾರಂಭಿಸಿದ ಮೇಲೆ ದರದ ಪ್ರಶ್ನೆಯೂ ಬಗೆಹರಿಯಿತಂತೆ. ಹಿಂದೆ ಅವರು ಕಾಂಕ್ರೀಟು ಸುರಿಯುವ ದಿನವನ್ನಷ್ಟೇ ಎಣಿಸಿ, ಹತ್ತು ಜನ 1,000 ಚದರ ಅಡಿ ಹಾಕಿದರೆ ತಲೆಗೆ 100 ಚದರ ಅಡಿ ಎನ್ನುತ್ತಿದ್ದರು. ಆದರೆ ಮಣ್ಣು ಸಮಮಾಡಿ ಕುಟ್ಟಲು ಐದು ಜನ ಎರಡು ದಿನ ದುಡಿದರೆ ಅದು 10 ಆಳುದಿನ. ಸುರಿಯುವ ದಿನ 10. ಹತ್ತು ದಿನ ನೀರು ನೋಡಿಕೊಳ್ಳುವವರೊಬ್ಬರು, ಅದು ಇನ್ನೊಂದು 10. ಒಟ್ಟು 30 ಆಳುದಿನ. ಆಗ ಒಬ್ಬರ ಒಂದು ದಿನದ ಕೆಲಸ 33 ಚದರ ಅಡಿ ಮಾತ್ರ. ದರವನ್ನು ಈ ಸಂಖ್ಯೆಯ ಮೇಲೆ ನಿಲ್ಲಿಸಿದ ಬಳಿಕ ಕೆಲವು ಕೆಲಸಗಳು ಕೈಬಿಟ್ಟುಹೋದವು, ಆದರೆ ಮಾಡಿದ ಕೆಲಸಗಳಲ್ಲಿ ಕೈ ಸುಡಲಿಲ್ಲ. ಆಳುಗಳನ್ನು ಬಿಡುವ ಪ್ರಸಂಗವೂ ಬರಲಿಲ್ಲ. ಜಲ್ಲಿ ಹೊರುತ್ತಿದ್ದ ಆ ತಾಯಿಯ ಹೆಸರು ರಿಜಿಸ್ಟರಿನಲ್ಲಿ 90 ದಿನಗಳನ್ನು ಫೆಬ್ರವರಿಯಲ್ಲಿಯೇ ದಾಟಿತ್ತು.

ಆದರೆ ಹೋದ ವರ್ಷ ಹೋದದ್ದೇ. ಮಗ ಎಂಟನೆಯ ತರಗತಿಗೆ ಸೇರಿದ್ದು ಸಾಲ ಮಾಡಿ. ಆ ಸಾಲದ ಒಂದು ಭಾಗವನ್ನು ಗುತ್ತಿಗೆದಾರರು ತಾವೇ ತೀರಿಸಿದರೆಂದು ಮೇಸ್ತ್ರಿಯಿಂದ ತಿಳಿಯಿತು. ಅವರು ಮಾತ್ರ ಅದನ್ನು ಎತ್ತಲಿಲ್ಲ.

ಓದುಗರೇ, ನಮ್ಮಲ್ಲಿ ಕೆಲವರು ಕೆಲಸ ಮಾಡಿಸುವವರು, ಕೆಲವರು ಮಾಡುವವರು. ಈ ಬೇಸಗೆಯಲ್ಲಿ ನಿಮ್ಮ ಮನೆಯ ಮುಂದೆ ಕಾಂಕ್ರೀಟು ಹಾಕಿಸುವವರಿದ್ದರೆ ಚದರ ಅಡಿಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ದಪ್ಪ ಎಷ್ಟು, ಎಷ್ಟು ದಿನ ನೀರು ನಿಲ್ಲಿಸುತ್ತೀರಿ, ಕೆಲಸಗಾರರ ಹಾಜರಿ ಬರೆಯುತ್ತೀರಾ ಎಂದೂ ಕೇಳಿ. ಅತಿ ಕಡಿಮೆ ದರ ಹೇಳಿದವರು ಇವುಗಳಲ್ಲಿ ಯಾವುದನ್ನು ಬಿಟ್ಟು ಅಷ್ಟು ಕಡಿಮೆ ಹೇಳಿದರೆಂದು ಯೋಚಿಸಿ. ಗುತ್ತಿಗೆದಾರರ ಮನೆಯಾದರೆ, ಮಾರ್ಚ್ 31ರ ರಾತ್ರಿ ಬರೆಯುವ ಆ ಒಂದು ಸಂಖ್ಯೆಯ ಹಿಂದೆ ಏನೇನು ಬರೆದಿಲ್ಲ ಎಂಬುದನ್ನು ಮನೆಯವರೆಲ್ಲ ಕುಳಿತು ನೋಡಿ. ಓದು ಬಲ್ಲ ಮಕ್ಕಳಿದ್ದರೆ ಹಾಜರಿಯ ಪುಸ್ತಕವನ್ನು ಅವರ ಕೈಗೆ ಕೊಡಿ. ಏಪ್ರಿಲ್ 1ಕ್ಕೆ ಹೊಸ ಪುಟ ತೆರೆಯುವುದಿದೆ. ಅದರ ಮೊದಲ ಸಾಲಿನಲ್ಲಿ ಅಂದು ಕೆಲಸಕ್ಕೆ ಬಂದವರ ಹೆಸರುಗಳಿರಲಿ.